ಆರ್.ಎಸ್.ವಿ.ಪಿ.

ಬಂದ ಆಮಂತ್ರಣ ಪತ್ರಿಕೆಗಳನ್ನೆಲ್ಲ ಒಂದು ಕಂಬಿಗೆ ಸಿಕ್ಕಿಸಿ ಗೋಡೆಯ ಮೊಳೆಗೆ ತೂಗಹಾಕುವುದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದು ಬಂದ ಪದ್ಧತಿ. ದಿನ ಕಳೆದ ಮೇಲೆ ತೆಗೆದು ಬಿಸಾಡಬಹುದು. ಆದರೆ ಮೂಲೆಗೆ ಅರಸಿನ ಹಚ್ಚಿದ ಕಾಗದವನ್ನು ಒಲೆಗೆ ಹಾಕಲು ಮನೆಯಾಕೆಗೆ ಮನಸ್ಸು ಬಾರದು. ಹೀಗಾಗಿ ಆ ಕಂಬಿಯಲ್ಲಿ ಎಷ್ಟೋ ವರ್ಷಗಳ ಮದುವೆ, ಉಪನಯನ, ಮನೆ ಒಕ್ಕಲುಗಳು ಒಂದರ ಮೇಲೊಂದು ಕುಳಿತಿವೆ. ಬಿಡುವಿದ್ದಾಗ ಅವನ್ನು ಓದುವುದು ನನಗೊಂದು ಚಟ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಓದುವುದಕ್ಕಿಂತ ಇದು ಎಷ್ಟೋ ಮೇಲು. ಇಲ್ಲಿ ಅಂಕ ಕೊಡಬೇಕಾಗಿಲ್ಲ.

ಬೆಳ್ಳಾರೆಯಂಥ ಊರಿನ ಪತ್ರಿಕೆಗಳಿಗೂ ಈಗ ಎರಡು ಮುಖ. ಕನ್ನಡದ ಮುಖದಲ್ಲಿ ಇಷ್ಟದೇವರು, ಕುಲದೇವರು, ಗುರುಹಿರಿಯರು ಎಲ್ಲರೂ ಬಂದು, ಕಡೆಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಮುಗಿಯುತ್ತದೆ. ಇಂಗ್ಲಿಷಿನ ಮುಖದಲ್ಲಿ ದೇವರುಗಳು ಕಡಿಮೆ. ಅದರ ಕೆಳಗಿನ ಮೂಲೆಯಲ್ಲಿ ನಾಲ್ಕು ಅಕ್ಷರಗಳು, ನಾಲ್ಕು ಚುಕ್ಕಿಗಳು: ಆರ್.ಎಸ್.ವಿ.ಪಿ. ಅದರ ಕೆಳಗೆ ಚಿಕ್ಕಪ್ಪಂದಿರ, ಭಾವಂದಿರ ಹೆಸರುಗಳು, ಒಂದೆರಡು ದೂರವಾಣಿ ಸಂಖ್ಯೆಗಳು.

ಕಳೆದ ವರ್ಷ ತರಗತಿ ಮುಗಿದು ಹೊರಗೆ ಬರುವಾಗ ವಿದ್ಯಾರ್ಥಿನಿಯೊಬ್ಬಳು ಇದರ ಅರ್ಥ ಕೇಳಿದಳು. ಅವಳ ಅಕ್ಕನ ಮದುವೆಯ ಕಾಗದವನ್ನು ಅಚ್ಚಿಗೆ ಕೊಟ್ಟಿದ್ದರಂತೆ. ಅಚ್ಚುಕೂಟದವರು ‘ಆರ್.ಎಸ್.ವಿ.ಪಿ.ಗೆ ಯಾರ ಹೆಸರು ಹಾಕಬೇಕು?’ ಎಂದು ಕೇಳಿದಾಗ, ಮನೆಯವರು ಅದೊಂದು ಗೌರವದ ಸ್ಥಾನವೆಂದು ತಿಳಿದು, ಯಾವ ಭಾವನಿಗೆ ಆ ಸ್ಥಾನ ಸಲ್ಲಬೇಕೆಂದು ಎರಡು ದಿನ ಚರ್ಚೆ ಮಾಡಿದರಂತೆ. ಇಂಗ್ಲಿಷಿನ ಅಧ್ಯಾಪಕರನ್ನು ಬಿಟ್ಟು ಕನ್ನಡದವನನ್ನು ಏಕೆ ಕೇಳಿದಳೋ ತಿಳಿಯದು. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ಬಂತೆಂದು ನನ್ನ ಅಭಿಪ್ರಾಯ. ಏಕೆಂದರೆ ಅದು ಇಂಗ್ಲಿಷೂ ಅಲ್ಲ.

ಅದು ಫ್ರೆಂಚ್. ‘ರೆಪೋಂದೇ ಸಿಲ್ ವೂ ಪ್ಲೇ’ ಎಂಬ ವಾಕ್ಯದ ಮೊದಲಕ್ಷರಗಳು. ರೆಪೋಂದೇ ಎಂದರೆ ಉತ್ತರ ಕೊಡಿ. ಸಿಲ್ ಎಂಬಲ್ಲಿ ಎರಡು ಪದಗಳು ಸಂಧಿಯಾಗಿ ಕೂಡಿವೆ. ನಮ್ಮ ಲೋಪಸಂಧಿಯ ಹಾಗೆ ಒಂದು ಸ್ವರ ಬಿದ್ದುಹೋಗಿದೆ. ‘ಅದು ಆದರೆ’ ಎಂದು ಅರ್ಥ. ವೂ ಎಂದರೆ ತಮಗೆ. ನಮ್ಮ ‘ನೀವು’ ಇದ್ದಂತೆ ಒಬ್ಬರನ್ನೇ ಬಹುವಚನದಲ್ಲಿ ಕರೆಯುವ ಮರ್ಯಾದೆ. ಪ್ಲೇ ಎಂದರೆ ಇಷ್ಟವಾಗು, ಹಿತವಾಗು. ಒಟ್ಟು ಕೂಡಿಸಿದರೆ, ‘ತಮಗೆ ಇಷ್ಟವಾದರೆ ಉತ್ತರ ಕೊಡಿ.’ ಇದನ್ನು ತಿಳಿಯದವರು ‘ಪ್ಲೀಸ್ ಆರ್.ಎಸ್.ವಿ.ಪಿ.’ ಎಂದು ಬರೆಯುವುದುಂಟು. ದಯವಿಟ್ಟು ಎಂಬುದನ್ನು ಎರಡು ಸಲ ಹೇಳಿದಂತಾಯಿತು. ನಮ್ಮ ‘ನಡುಮಧ್ಯೆ’ಯ ಜಾತಿಗೆ ಸೇರಿದ ಪ್ರಯೋಗ; ದೋಷವೇ ಆದರೂ ಮರ್ಯಾದೆಯ ಕಡೆಗೆ ವಾಲಿದ ದೋಷವಾದ್ದರಿಂದ ಕ್ಷಮಿಸಬಹುದು.

ಇಂಗ್ಲಿಷರು ಊಟಕ್ಕೆ ಕರೆಯಲು ಫ್ರೆಂಚರ ಮಾತನ್ನು ಏಕೆ ಕಡ ತಂದರು ಎಂಬುದಕ್ಕೆ ಹಳೆಯ ಕತೆಯೇ ಇದೆ. 1066ರಲ್ಲಿ ನಾರ್ಮಂಡಿಯ ದೊರೆ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮಾತು, ನ್ಯಾಯಾಸ್ಥಾನದ ಮಾತು ಫ್ರೆಂಚ್ ಆಯಿತು. 1362ರಲ್ಲಿ ಒಂದು ಕಾಯಿದೆ ಮಾಡಿ, ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂದು ಅವರು ತಮ್ಮ ನಾಡಿನಲ್ಲಿಯೇ ಆಜ್ಞೆ ಹೊರಡಿಸಬೇಕಾಯಿತು. ಇಂದಿಗೂ ಅಲ್ಲಿನ ಸಂಸತ್ತಿನ ಮಸೂದೆಗೆ ದೊರೆಯ ಒಪ್ಪಿಗೆ ಬಿತ್ತೆಂದು ಸಾರುವುದು ಹಳೆಯ ಫ್ರೆಂಚಿನಲ್ಲಿಯೇ. ಕನ್ನಡಕ್ಕೆ ಆಡಳಿತದಲ್ಲಿ ಜಾಗ ಸಿಕ್ಕಿಲ್ಲವೆಂದು ನಾವು ಕೊರಗುವಾಗ ಈ ವಿಷಯ ಸ್ವಲ್ಪ ಸಮಾಧಾನ ತರುತ್ತದೆ. ಆಮೇಲೆ ಹದಿನಾಲ್ಕನೆಯ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೈಗೆ ಒಯ್ದು ಕೂತ ಮೇಲಂತೂ ಯಾರು ಎಲ್ಲಿ ನಿಲ್ಲಬೇಕು, ಹೇಗೆ ಬಾಗಬೇಕು ಎಂಬುದನ್ನೆಲ್ಲ ಯೂರೋಪಿನ ದೊಡ್ಡ ಮನೆತನಗಳು ಅಲ್ಲಿಂದಲೇ ಕಲಿತವು. ಆ ರೀತಿನೀತಿಗೆ ಇರುವ ‘ಎಟಿಕೆಟ್’ ಎಂಬ ಹೆಸರೂ ಫ್ರೆಂಚೇ. ನಾವು ಸುಳ್ಯದ ಬಸ್ಸಿನಲ್ಲಿ ಕಂಡಕ್ಟರರಿಂದ ಪಡೆಯುವ ಟಿಕೆಟು ಈ ಎಟಿಕೆಟ್ಟಿನ ಸ್ವಂತ ತಮ್ಮ. ಎರಡಕ್ಕೂ ಮೂಲ, ಅಂಟಿಸಿದ ಚೀಟಿ ಎಂಬರ್ಥದ ಒಂದೇ ಹಳೆಯ ಫ್ರೆಂಚ್ ಪದ. ಅಣ್ಣ ಅರಮನೆಗೆ ಹೋದ, ತಮ್ಮ ಬಸ್ಸು ಹತ್ತಿದ.

‘ಇಷ್ಟವಾದರೆ’ ಎಂಬ ಮಾತಿನಲ್ಲಿ ಇಲ್ಲವೆನ್ನುವ ಹಕ್ಕೂ ಸೇರಿದೆ. ಅದನ್ನು ನಮ್ಮ ನಾಡಿನವರೇ ವರ್ಸೈಯಲ್ಲಿ ಕಂಡು ಬಂದಿದ್ದಾರೆ. ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಇಂಗ್ಲಿಷರ ವಿರುದ್ಧ ಸೈನ್ಯದ ಸಹಾಯ ಬೇಕೆಂಬುದು ಅವರು ಕೊಂಡೊಯ್ದ ಓಲೆ. ಉಪಚಾರಕ್ಕೆ ಕೊರತೆಯಾಗಲಿಲ್ಲ, ಸೆವ್ರ್ ಎಂಬಲ್ಲಿ ತಯಾರಾದ ಪಿಂಗಾಣಿಯ ಉಡುಗೊರೆಗಳೂ ದೊರೆತವು. ಕೇಳಿದ ಸಹಾಯ ಮಾತ್ರ ದೊರೆಯಲಿಲ್ಲ.

ಪದಗಳ ಬೇರು ಅಗೆಯುವ ಚಟವಿದ್ದವರಿಗೆ ಇನ್ನೊಂದು ಸಂಗತಿ ಹೇಳಬೇಕು. ‘ರೆಪೋಂದೇ’ ಎಂಬುದಕ್ಕೆ ಮೂಲವಾದ ಲ್ಯಾಟಿನ್ ಧಾತುವಿಗೆ ಮಾತು ಕೊಡು, ಪ್ರತಿಜ್ಞೆ ಮಾಡು ಎಂದು ಅರ್ಥ. ಅದರ ಹಿಂದೆ ‘ರೆ’ ಸೇರಿದರೆ ಮಾತಿಗೆ ಪ್ರತಿಯಾಗಿ ಮಾತು ಕೊಡುವುದು, ಅಂದರೆ ಉತ್ತರ. ಇಂಗ್ಲಿಷಿನಲ್ಲಿ ಗಂಡನಿಗೂ ಹೆಂಡತಿಗೂ ಸಲ್ಲುವ ‘ಸ್ಪೌಸ್’ ಎಂಬ ಪದ ಹುಟ್ಟಿದ್ದೂ ಅದೇ ಧಾತುವಿನಿಂದ: ಮಾತು ಕೊಟ್ಟವರು. ನಮ್ಮ ಹವ್ಯಕರು ನಿಶ್ಚಿತಾರ್ಥವನ್ನು ‘ಬದ್ಧ’ ಎನ್ನುವುದಿಲ್ಲವೇ, ಹಾಗೆ. ಮದುವೆಯ ಕಾಗದದ ಮೇಲ್ಗಡೆಯ ವಧೂವರರೂ ಕೆಳಗಿನ ಮೂಲೆಯ ಆ ನಾಲ್ಕು ಅಕ್ಷರಗಳೂ ಹೀಗೆ ಒಂದೇ ಬೇರಿನ ಚಿಗುರುಗಳು ಎಂದರೆ ಆ ಅಚ್ಚುಕೂಟದವರು ನಂಬಲಾರರು.

ಈ ಮಾತು ನಮ್ಮಲ್ಲಿಗೆ ಫ್ರಾನ್ಸಿನಿಂದ ನೇರವಾಗಿ ಬರಲಿಲ್ಲ. ನಮ್ಮ ಕರಾವಳಿಯ ದಕ್ಷಿಣಕ್ಕೆ ಮಾಹೆಯೆಂಬ ಪುಟ್ಟ ಊರು 1954ರವರೆಗೂ ಫ್ರೆಂಚರ ಕೈಯಲ್ಲಿತ್ತು. ಆದರೂ ಆರ್.ಎಸ್.ವಿ.ಪಿ. ಸುತ್ತು ಬಳಸಿ ಲಂಡನ್ನಿನ ದಾರಿಯಾಗಿ, ಸಾಹೇಬರ ಔತಣದ ಚೀಟಿಗಳ ಮೇಲೆ ಕುಳಿತೇ ಬಂತು. ಸಾಹೇಬರು ಹೋದರು, ರಾಜಭವನದ ‘ಅಟ್ ಹೋಮ್’ ಉಳಿಯಿತು, ಮದುವೆಯ ಕಾಗದದಲ್ಲಿ ಇದು ಉಳಿಯಿತು. ಇನ್ನೊಂದು ಫ್ರೆಂಚ್ ಮಾತು ಮಾತ್ರ ಬೆಳ್ಳಾರೆಯ ಅಂಚೆಯವರ ಚೀಲದಲ್ಲಿಯೇ ಮನೆಮನೆಗೆ ಬರುತ್ತಿತ್ತು. 1874ರಲ್ಲಿ ಸ್ಥಾಪನೆಯಾದ ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್. ಆದ್ದರಿಂದ ಗಲ್ಫಿಗೆ ಹೋದ ಹುಡುಗರು ತಾಯಿಗೆ ಬರೆದ ಕಾಗದಗಳ ಮೇಲೆ ‘ಪಾರ್ ಅವಿಯೋನ್’ ಎಂದಿರುತ್ತಿತ್ತು: ವಿಮಾನದ ಮೂಲಕ. ಓದಲು ಬಾರದ ತಾಯಂದಿರೂ ಆ ನೀಲಿ ಚೀಟಿಯನ್ನು ಕಂಡರೆ ಅರ್ಥ ಮಾಡಿಕೊಳ್ಳುತ್ತಿದ್ದರು. ಆರ್.ಎಸ್.ವಿ.ಪಿ.ಗೆ ಆ ಭಾಗ್ಯ ಬರಲಿಲ್ಲ. ನಾನು ತಿಳಿದಂತೆ ನಮ್ಮೂರಿನಲ್ಲಿ ಅದನ್ನು ನೋಡಿ ಉತ್ತರ ಬರೆದವರು ಯಾರೂ ಇಲ್ಲ, ಒಬ್ಬರನ್ನು ಬಿಟ್ಟು. ಅವರ ವಿಷಯವನ್ನೇ ಹೇಳಬೇಕಾಗಿದೆ.

ನನ್ನ ಸೋದರಮಾವನಿಗೆ ಈಗ ಎಂಬತ್ತು ದಾಟಿದೆ. ಪೇಟೆಯಿಂದ ಎರಡು ಮೈಲಿ ಒಳಗೆ ಅವರ ಅಡಿಕೆ ತೋಟ. ದೊಡ್ಡಮ್ಮನ ಯಜಮಾನರು ಅಕಾಲದಲ್ಲಿ ತೀರಿಕೊಂಡಾಗ ದೊಡ್ಡಮ್ಮನನ್ನೂ ಅವಳ ಮಗನನ್ನೂ ತಮ್ಮ ಮನೆಗೆ ಕರೆತಂದವರು ಈ ಮಾವ. ಆ ಹುಡುಗ, ಅಂದರೆ ನನ್ನ ಅಣ್ಣ, ಅವರ ಮನೆಯಲ್ಲಿಯೇ ಉಂಡು ಬೆಳ್ಳಾರೆಯ ಶಾಲೆಗೆ ನಡೆದು ಹೋಗಿ ಓದಿದವನು. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಅವನ ಮಗಳ ಮದುವೆ ನಿಶ್ಚಯವಾಯಿತು. ಮಾವನ ಮನೆಗೆ ಪತ್ರಿಕೆ ಕೊರಿಯರಿನಲ್ಲಿ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಅಕ್ಷರ, ಪೂರ್ತಿ ಇಂಗ್ಲಿಷು, ಕೆಳಗೆ ಆರ್.ಎಸ್.ವಿ.ಪಿ. ಅದರ ಜೊತೆಗೆ, ಎಷ್ಟು ಮಂದಿ ಬರುತ್ತೀರೆಂದು ಇಂಥ ತಾರೀಕಿನೊಳಗೆ ಈ ಸಂಖ್ಯೆಗೆ ವಾಟ್ಸಾಪ್ ಮಾಡಬೇಕೆಂದು ಇನ್ನೊಂದು ಸಾಲು.

ನಾನು ಹೋದಾಗ ಮಾವ ಅದನ್ನು ಕನ್ನಡಕದ ಸಮೀಪ ಹಿಡಿದುಕೊಂಡು ಕೂತಿದ್ದರು. ನಾವು ಮನೆಯಲ್ಲಿ ಆಡುವುದು ಹವ್ಯಕ ಭಾಷೆ. ವಾಚಕರಿಗೆ ತೊಡಕಾಗದಿರಲೆಂದು ಇಲ್ಲಿ ಊರ ಕನ್ನಡಕ್ಕೆ ತಿರುಗಿಸಿದ್ದೇನೆ.

“ಇದೆಂತ ಮಾರಾಯ? ಆರೆಸ್ ಅಂದರೆ ರೂಪಾಯಿ. ವೀಪಿ ಅಂದರೆ ವೀಪಿ. ಮದುವೆಗೂ ಈಗ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದಾ?”

ಹಳಬರಿಗೆ ವಿ.ಪಿ.ಯೆಂದರೆ ಗೊತ್ತು. ಪುಸ್ತಕವೋ ಔಷಧವೋ ಅಂಚೆಯಲ್ಲಿ ಬಂದರೆ ಹಣ ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಮಾವ ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. ವಿದ್ಯಾರ್ಥಿನಿಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಫ್ರೆಂಚರದು ಬಹಳ ನಯದ ಭಾಷೆಯೆಂದೂ, ಉತ್ತರ ಕೊಡಿ ಎಂದು ಒರಟಾಗಿ ಕೇಳದೆ ತಮಗೆ ಇಷ್ಟವಾದರೆ ಎಂದು ಸೇರಿಸಿದ್ದಾರೆಂದೂ ವಿವರಿಸಿದೆ.

“ಇಷ್ಟವಾದರೆ?” ಎಂದರು ಮಾವ. “ಅವನ ಮಗಳ ಮದುವೆಗೆ ಹೋಗಲು ನನ್ನ ಇಷ್ಟ ಕೇಳುತ್ತಾನಾ? ನಾನೇನು ಹೊರಗಿನವನಾ? ಬಾರದಿದ್ದರೆ ಜಾಗ್ರತೆ ಅಂತ ಬರೆಯಬೇಕಿತ್ತು ಅವನು.”

ಅತ್ತೆ ಒಳಗಿನಿಂದ ಆಸರಿಗೆ ಮಜ್ಜಿಗೆ ನೀರು ತಂದಿಟ್ಟು, ನನ್ನ ಹತ್ತಿರ ಮೆಲ್ಲಗೆ, “ನಾನು ಸೀರೆ ತೆಗೆದಿಟ್ಟಾಗಿದೆ” ಎಂದರು.

ದಾರಿಯುದ್ದಕ್ಕೂ ಮಾವನ ಮಾತೇ ಕಿವಿಯಲ್ಲಿತ್ತು. ಮನೆಗೆ ಬಂದ ಮೇಲೆ ನೆನಪಾಯಿತು, ಇದೇ ಮಾತನ್ನು ಪಾಣಿನಿಯೂ ಮುಟ್ಟಿದ್ದಾನೆ ಎಂದು. ವಿಧ್ಯರ್ಥಕ ಕ್ರಿಯಾರೂಪಗಳನ್ನು ಎಲ್ಲೆಲ್ಲಿ ಬಳಸಬೇಕೆಂದು ಹೇಳುವ ಸೂತ್ರದಲ್ಲಿ ಆತ ‘ನಿಮಂತ್ರಣ’ವನ್ನೂ ‘ಆಮಂತ್ರಣ’ವನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತಾನೆ. ಎರಡೂ ಕರೆಯುವುದೇ ತಾನೇ, ಎರಡು ಪದವೇಕೆ ಎಂಬ ಸಂಶಯಕ್ಕೆ ಭಾಷ್ಯಕಾರ ಪತಂಜಲಿ ಸಮಾಧಾನ ಹೇಳುತ್ತಾನೆ: ಕರೆದರೆ ಹೋಗಲೇಬೇಕಾದದ್ದು ನಿಮಂತ್ರಣ, ಹೋಗುವುದು ಬಿಡುವುದು ಕರೆಸಿಕೊಂಡವನ ಇಚ್ಛೆಗೆ ಸೇರಿದ್ದಾದರೆ ಅದು ಆಮಂತ್ರಣ. ಶ್ರಾದ್ಧದ ಊಟಕ್ಕೆ ಮಗಳ ಮಗನನ್ನು ಕರೆಯುವುದು ಮೊದಲನೆಯದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆ. ಹಾಗೆ ನೋಡಿದರೆ ನಾವು ಅಚ್ಚು ಹಾಕಿಸುವ ‘ಆಮಂತ್ರಣ ಪತ್ರಿಕೆ’ ವ್ಯಾಕರಣದ ಲೆಕ್ಕದಲ್ಲಿ ಪಕ್ಕಾ ಫ್ರೆಂಚ್: ಇಷ್ಟವಾದರೆ ಬನ್ನಿ. ಮಾವ ಕಾಯುತ್ತಿದ್ದದ್ದು ನಿಮಂತ್ರಣಕ್ಕೆ.

ಹಾಗೆಂದು ಎದುರಿನವರ ಮನಸ್ಸನ್ನು ಕೇಳುವ ನಯ ನಮ್ಮಲ್ಲಿ ಇಲ್ಲವೆಂದಲ್ಲ. ‘ಚಿತ್ತೈಸಬೇಕು’ ಎನ್ನುತ್ತೇವೆ, ಚಿತ್ತವಿಡಬೇಕು ಎಂದೇ ಅದರ ಅರ್ಥ. ‘ದಯಮಾಡಿಸಬೇಕು’ ಎನ್ನುತ್ತೇವೆ, ಬರುವುದೇ ಒಂದು ದಯೆ ಎಂಬ ಭಾವ. ಹಳಗನ್ನಡದಲ್ಲಿ ದೊಡ್ಡವರು ಬರುವುದಿಲ್ಲ, ಬಿಜಯಂಗೆಯ್ಯುತ್ತಾರೆ. ಇವೆಲ್ಲ ದೊರೆಗೆ, ಗುರುಗಳಿಗೆ, ಹೊರಗಿನ ದೊಡ್ಡವರಿಗೆ ಸಲ್ಲುವ ಮಾತುಗಳು. ಮನೆಯೊಳಗೆ ಈ ನಯವನ್ನು ತಂದರೆ ಅದೇ ಒಂದು ದೂರವಾಗುತ್ತದೆ. ನಮ್ಮ ತಾಯಿ ಊಟಕ್ಕೆ ಕರೆಯುವಾಗ ‘ದಯವಿಟ್ಟು’ ಎಂದಿದ್ದರೆ, ನನ್ನ ಮೇಲೆ ಏನೋ ಸಿಟ್ಟಿದೆಯೆಂದೇ ನಾನು ಹೆದರುತ್ತಿದ್ದೆ.

ನಮ್ಮ ಕಡೆ ಕರೆಯುವುದಕ್ಕೆ ‘ಹೇಳಿಕೆ’ ಎಂದು ಹೆಸರು. ಪತ್ರಿಕೆಗೆ ‘ಹೇಳಿಕೆ ಕಾಗದ’. ಮುಖ್ಯವಾದದ್ದು ಹೇಳಿಕೆ, ಕಾಗದ ಅದರ ಗುರುತು. ಮನೆಗೆ ಬಂದು, ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಊರಿನ ಮಳೆ ಬೆಳೆ ಅಡಿಕೆಯ ಧಾರಣೆ ಮಾತಾಡಿ, ಏಳುವ ಹೊತ್ತಿಗೆ ಕಾಗದ ಕೊಟ್ಟು, ‘ಎಲ್ಲರೂ ಬರಬೇಕು, ಎರಡು ದಿನ ಮೊದಲೇ ಬರಬೇಕು’ ಎನ್ನಬೇಕು. ಒಳಗಿದ್ದ ಹೆಂಗಸರಿಗೆ ಬೇರೆಯಾಗಿ ಹೇಳಬೇಕು. ಇದಕ್ಕೆ ಕೇಳಿದವರ ಉತ್ತರ ಒಂದೇ: ‘ನೋಡುವ.’ ತುಳುವಿನಲ್ಲಾದರೆ ‘ತೂಕ’. ಅಲ್ಲಿಯೂ ನೋಡುವ ಎಂದೇ ಅರ್ಥ. ಆದರೆ ಕನ್ನಡ ಕಿವಿಗೆ ಅದು ಭಾರವಾಗಿ ಕೇಳಿಸುತ್ತದೆ, ಕೇಳಿಸಬೇಕಾದದ್ದೇ ಹಾಗೆ. ಬಾರದಿರುವವನು ‘ಬರುವುದಿಲ್ಲ’ ಎನ್ನಲಾರ, ಅದು ಅಶುಭ. ಬರುವವನು ‘ಬರುತ್ತೇನೆ’ ಎಂದು ಹೇಳಬೇಕಾಗಿಯೇ ಇಲ್ಲ. ಉತ್ತರ ಸಿಗುವುದು ಮದುವೆಯ ದಿನ, ಚಪ್ಪರದಲ್ಲಿ.

ಉತ್ತರ ಕೇಳದೆ ಕರೆದ ಕರೆಯೊಂದರ ನೆನಪು ಬೆಳ್ಳಾರೆಯ ಮಣ್ಣಿನಲ್ಲಿಯೇ ಇದೆ. ಕಂಪೆನಿಯವರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡು ಈ ಕಡೆಯ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದ ಮೇಲೆ, ಧಾನ್ಯವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದರು. ರೈತರು ಕಂಗಾಲಾದರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳ್ತನದಲ್ಲಿ ಜನ ಎದ್ದು ಮೊದಲು ಬಂದದ್ದು ಬೆಳ್ಳಾರೆಗೆ. ಇಲ್ಲಿನ ಬಂಗ್ಲೆಗುಡ್ಡೆಯಲ್ಲಿದ್ದ ಕಂಪೆನಿಯ ಖಜಾನೆಯನ್ನು ಹಿಡಿದುಕೊಂಡು ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ನಡೆದು, ಏಪ್ರಿಲ್ 5ರಂದು ಅಲ್ಲಿನ ಗುಡ್ಡೆಯ ಮೇಲೆ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಅಷ್ಟು ಜನ ಸಂಶಯ ಬಾರದಂತೆ ಒಂದು ಕಡೆ ಹೇಗೆ ಸೇರಿದರು? ಗೌಡರ ಮನೆಯ ಮದುವೆಯ ನೆಪದಲ್ಲಿ ಸೇರಿದರೆಂದು ಈ ಕಡೆಯ ಹಿರಿಯರು ಹೇಳುತ್ತಾರೆ. ಉಬರಡ್ಕ ಮಿತ್ತೂರಿನಲ್ಲಿ ಅವರು ಸೇರಿದ ಜಾಗಕ್ಕೆ ಈಗಲೂ ಮದುವೆಗದ್ದೆ ಎಂದೇ ಹೆಸರು. ಆ ಮದುವೆಯ ಹೇಳಿಕೆಗೆ ಎಷ್ಟು ಮಂದಿ ‘ನೋಡುವ’ ಎಂದಿರಬಹುದು! ಬಂದವರಲ್ಲಿ ಕೆಲವರು ಗಲ್ಲಿಗೇರಿದರು, ಕೆಲವರು ಕಡಲಾಚೆಯ ಸೆರೆಗೆ ಹೋದರು.

ಇಷ್ಟೆಲ್ಲ ಹೇಳಿದೆನೆಂದು ನಾನು ಅಣ್ಣನ ವಿರೋಧಿಯೆಂದು ಯಾರೂ ತಿಳಿಯಬಾರದು. ಅವನಿಗೆ ನಾನು ದೂರವಾಣಿ ಮಾಡಿದಾಗ ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

“ಇಲ್ಲಿ ಎಲೆಗೆ ಇಷ್ಟು ಅಂತ ಲೆಕ್ಕ. ಮುನ್ನೂರು ಅಂತ ಹೇಳಿ ಇನ್ನೂರು ಬಂದರೂ ಮುನ್ನೂರಕ್ಕೇ ಕೊಡಬೇಕು. ಮುನ್ನೂರೈವತ್ತು ಬಂದರೆ ಮರ್ಯಾದೆ ಹೋಗುತ್ತದೆ. ನಾನು ಉತ್ತರ ಕೇಳಿದ್ದು ಅದಕ್ಕೆ.”

ಊರಿನಲ್ಲಿ ಈ ಲೆಕ್ಕವನ್ನು ಅಡಿಗೆ ಭಟ್ಟರು ತಲೆಯಲ್ಲಿಯೇ ಮಾಡುತ್ತಿದ್ದರು. ಮನೆತನ ಎಂಥದು, ನೆಂಟಸ್ತಿಕೆ ಎಷ್ಟು ಹರಡಿದೆ, ಅದೇ ದಿನ ಹತ್ತಿರದಲ್ಲಿ ಬೇರೆ ಮದುವೆಗಳಿವೆಯೇ, ಇಷ್ಟು ಕೇಳಿದರೆ ಅಕ್ಕಿ ಎಷ್ಟು ಮುಡಿಯೆಂದು ಹೇಳಿಬಿಡುತ್ತಿದ್ದರು. ಮುಡಿಯೆಂದರೆ ನಲವತ್ತೆರಡು ಸೇರು. ಹೆಚ್ಚಾದರೆ ಹಾಗೆಯೇ ಒಳಗೆ ಇಡಬಹುದು, ಕಡಿಮೆಯಾದರೆ ನೆರೆಮನೆಯಿಂದ ತರಬಹುದು. ಬೆಂಗಳೂರಿನ ಕಲ್ಯಾಣಮಂಟಪಕ್ಕೆ ನೆರೆಮನೆ ಎಲ್ಲಿಂದ ಬರಬೇಕು? ಮಿಕ್ಕಿದ ಅನ್ನ ಚರಂಡಿಗೆ ಹೋಗುವುದನ್ನು ನಾನೂ ಕಂಡಿದ್ದೇನೆ. ಅಪರಿಚಿತರು ಕೂಡಿ ಬಾಳುವ ಊರಿನಲ್ಲಿ ಆರ್.ಎಸ್.ವಿ.ಪಿ. ಬೇಕು, ಅದಕ್ಕೆ ಉತ್ತರ ಕೊಡದವರು ಒರಟರು ಎಂದೇ ನನ್ನ ಮತ. ನಮ್ಮ ಪೇಟೆಯ ವಿದ್ಯಾವಂತರೂ ಆ ಮೂಲೆಯನ್ನು ನೋಡದಂತೆ ಪತ್ರಿಕೆ ಮಡಿಸಿಡುವುದು ಸರಿಯಲ್ಲ.

“ಆದರೆ ಮಾವನ ಹತ್ತಿರ ಲೆಕ್ಕ ಕೇಳಬೇಕಿತ್ತಾ?” ಎಂದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲರಿಗೂ ಒಂದೇ ಕಾಗದ ಅಚ್ಚಾದದ್ದು” ಎಂದ.

ಅದಾಗಿ ನಾಲ್ಕೈದು ದಿನಕ್ಕೆ ಅವನಿಗೆ ಬೆಳ್ಳಾರೆಯಿಂದ ಒಂದು ಕಾರ್ಡು ಹೋಯಿತು. ಮಾವ ಬರೆದದ್ದು. ಅದರ ಚಿತ್ರವನ್ನು ಅಣ್ಣ ನನಗೆ ಕಳಿಸಿಕೊಟ್ಟ. ಮಾವನ ಕೈಬರಹ ನಡುಗುತ್ತದೆ, ಆದರೆ ಸಾಲು ವಾಲುವುದಿಲ್ಲ. ಕ್ಷೇಮ, ಅತ್ತ ಕ್ಷೇಮಕ್ಕೆ ಬರೆಯುವುದು. ನಿಮ್ಮ ಇಂಗ್ಲಿಷು ಕಾಗದ ತಲುಪಿತು. ಉತ್ತರ ಬೇಕೆಂದು ಬರೆದದ್ದಕ್ಕೆ ಈ ಉತ್ತರ. ನಮ್ಮನ್ನು ಲೆಕ್ಕದಲ್ಲಿ ಹಿಡಿಯುವುದು ಬೇಡ. ಮಗುವಿಗೆ ಆಶೀರ್ವಾದ. ‘ನಿಮ್ಮ’ ಎಂದು ಬರೆದಿದ್ದರು. ಮಾವ ಅವನನ್ನು ಹುಟ್ಟಿದಂದಿನಿಂದ ‘ನೀನು’ ಎಂದವರು.

ಆ ಆದಿತ್ಯವಾರ ಬೆಳಿಗ್ಗೆ ಅಣ್ಣನೂ ಅತ್ತಿಗೆಯೂ ರಾತ್ರಿ ಬಸ್ಸಿನಲ್ಲಿ ಬಂದಿಳಿದರು. ನಾನು ಸ್ಟೇಂಡಿಗೆ ಹೋಗಿ ಕರೆದುಕೊಂಡು ಹೋದೆ. ತೋಟದ ಸಂಕ ದಾಟಿ ಮನೆಯ ಅಂಗಳಕ್ಕೆ ಬಂದಾಗ ಮಾವ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಅತ್ತೆ ಚೆಂಬಿನಲ್ಲಿ ಕಾಲಿಗೆ ನೀರು ಕೊಟ್ಟರು. ಬೆಲ್ಲ ನೀರಾಯಿತು, ದೋಸೆಯಾಯಿತು. ಅಡಿಕೆಯ ಧಾರಣೆಯ ಮಾತು ಬಂತು, ಎಲೆಚುಕ್ಕಿ ರೋಗದ ಮಾತು ಬಂತು. ಮಾವ ಒಂದೊಂದೇ ಶಬ್ದದಲ್ಲಿ ಉತ್ತರ ಕೊಡುತ್ತಿದ್ದರು. ಮಧ್ಯಾಹ್ನದ ಊಟದ ಮೇಲೆ ಅಣ್ಣ ಅದೇ ದಪ್ಪ ಕಾಗದದ ಇನ್ನೊಂದು ಪ್ರತಿಗೆ ಅರಸಿನ ಹಚ್ಚಿ, ಮಾವನ ಕೈಯಲ್ಲಿಟ್ಟು, ಕಾಲು ಮುಟ್ಟಿ, “ನೀವು ಬಾರದೆ ನಾನು ಧಾರೆ ಎರೆಯುವುದಿಲ್ಲ” ಎಂದ. ಅತ್ತಿಗೆ ಒಳಗೆ ಹೋಗಿ ಅತ್ತೆಗೆ ಬೇರೆಯಾಗಿ ಹೇಳಿದರು.

ಮಾವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಪಂಚಾಂಗದ ಎಡೆಯಲ್ಲಿಟ್ಟರು.

“ನೋಡುವ” ಎಂದರು.

ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅಣ್ಣ ಫೋನು ತೆಗೆದು ಅಡಿಗೆಯವರಿಗೆ ಕಳಿಸಬೇಕಾದ ಪಟ್ಟಿಯನ್ನು ತೆರೆದ. ಬೆಂಗಳೂರಿನಲ್ಲಿ ಇಷ್ಟು ವರ್ಷವಿದ್ದು ಅವನಿಗೆ ಮರೆತು ಹೋಗಿತ್ತೋ ಏನೋ.

“ಮಾವ ‘ನೋಡುವ’ ಅಂದರಲ್ಲ, ಎಂತ ಬರೆಯಲಿ?”

“ಎರಡು” ಎಂದೆ.